ಗೋಡೆ ಕಪಾಟಿನ ಜೇನು

ಯಾವ ಮಡಕೆ ಕೈಗೆ ಸಿಕ್ಕಿದರೂ ಅವರು ಮೊದಲು ಅದರೊಳಗೆ ಮುಖ ಇಡುತ್ತಿದ್ದರು. ಕಿವಿಯವರೆಗೆ. ಉಸಿರನ್ನು ಮೆಲ್ಲಗೆ ಒಳಕ್ಕೆಳೆದುಕೊಂಡು ಸ್ವಲ್ಪ ಹೊತ್ತು ಹಾಗೆಯೇ ಇದ್ದು, ಆಮೇಲೆ ಮುಖ ತೆಗೆದು, "ಇಲ್ಲ, ಇದಕ್ಕೆ ಬರುದಿಲ್ಲ" ಎಂದೋ "ಇದಾದೀತು" ಎಂದೋ ಹೇಳುತ್ತಿದ್ದರು. ಮೊನ್ನೆ ಪುತ್ತೂರಿನ ಸಂತೆಯಲ್ಲಿ ಮಂಡೆಕೋಲು ಕಡೆಯ ಪರಿಚಯದವರೊಬ್ಬರು ಸಿಕ್ಕಿ, "ನಿಮ್ಮ ಜೇನು ಕಾಕ ಹೋದ್ರಲ್ಲ, ಗೊತ್ತುಂಟಾ?" ಎಂದಾಗ ನನಗೆ ಮೊದಲು ಕಂಡದ್ದು ಮಡಕೆಯೊಳಗಿನಿಂದ ಮೇಲೆ ಬರುತ್ತಿದ್ದ ಆ ಮುಖ. ಮೂಗಿನ ತುದಿಗೆ ಮೇಣ ಅಂಟಿರುತ್ತಿತ್ತು.

"ನಿಮ್ಮ" ಎಂದರು ಅವರು.

ಐವತ್ತರ ದಶಕದ ಕೊನೆಯ ವರ್ಷಗಳು ಅವು. ಮನೆಮನೆಗೆ ಹೋಗಿ ಗೋಡೆಗಳಿಗೆ ಡಿಡಿಟಿ ಹೊಡೆಯುವ ತಂಡವೊಂದಕ್ಕೆ ನಾನು ಮೇಲ್ವಿಚಾರಕ. ಪುತ್ತೂರಿನಲ್ಲಿ ಓದು ಮುಗಿಸಿ ಕೈಗೆ ಬಂದ ಮೊದಲ ಕೆಲಸ. ಬೆಳ್ಳಾರೆಯಲ್ಲಿ ಒಂದು ಬಾಡಿಗೆ ಕೋಣೆ, ನಾಲ್ಕು ಜನ ಆಳುಗಳು, ಎರಡು ಕೈಪಂಪು, ಬಾಲ್ದಿಗಳು, ಬಿಳಿ ಹುಡಿಯ ಡಬ್ಬಗಳು. ವರ್ಷಕ್ಕೆ ಎರಡು ಸುತ್ತು: ಮಳೆಗೆ ಮೊದಲು ಒಂದು, ಮಳೆ ಬಿಟ್ಟ ಮೇಲೆ ಇನ್ನೊಂದು. ಆ ಕಾಲದ ಸುಳ್ಯ ಕಡೆ ಎಂದರೆ ಚಳಿಜ್ವರದ ಸೀಮೆ. ಪುತ್ತೂರಿನವರು ಆ ಕಡೆಗೆ ಹೆಣ್ಣು ಕೊಡಲು ಹೆದರುತ್ತಿದ್ದರು. ಆದರೂ ಜನರಿಗೆ ನಮ್ಮ ಮೇಲೆ ವಿಶ್ವಾಸ ಇರಲಿಲ್ಲ. ಡಿಡಿಟಿಯವರು ಬಂದು ಹೋದರೆ ಬೆಕ್ಕು ಸಾಯುತ್ತದೆ, ತಿಗಣೆ ಹೆಚ್ಚುತ್ತದೆ, ಗೋಡೆ ಕಲೆಯಾಗುತ್ತದೆ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಮಂಡೆಕೋಲಿನಲ್ಲಿ ಮೊದಲ ದಿನವೇ ಐದಾರು ಮನೆಗಳು ಬಾಗಿಲು ತೆರೆಯಲಿಲ್ಲ. ಊರಿನ ಪಟೇಲರು ನಕ್ಕು, "ನೀವು ಹೀಗೆ ಹೋದ್ರೆ ಆಗುದಿಲ್ಲ. ಜೇನು ಕಾಕನನ್ನು ಕರ್ಕೊಂಡು ಹೋಗಿ. ಅವರು ಹೋಗದ ಜಗಲಿ ಇಲ್ಲ" ಎಂದರು. ನಾನು ಅವರನ್ನು ಹುಡುಕಿಕೊಂಡು ಹೋದೆ. ಒಂದು ಹಲಸಿನ ಮರದ ಕವಲಿನಲ್ಲಿ ಕುಳಿತು ಮಡಕೆ ಕಟ್ಟುತ್ತಿದ್ದರು. ಎತ್ತರದ, ತೆಳ್ಳಗಿನ ಆಳು, ನಲವತ್ತೈದು ಇರಬಹುದು. ಸೊಂಟಕ್ಕೆ ಅಗಲ ಬೆಲ್ಟು. ಬೇರೆಯವರು ಹಣ ಇಡುವ ಬೆಲ್ಟಿನ ಜೇಬಿನಲ್ಲಿ ಅವರು ಮೇಣದ ಉಂಡೆ ಇಟ್ಟುಕೊಳ್ಳುತ್ತಿದ್ದರು. ತಮ್ಮ ಮುಸ್ಲಿಂ ಜನರೊಡನೆ ಬ್ಯಾರಿ ಮಾತು, ಗೌಡರ ಮನೆಗಳಲ್ಲಿ ಅರೆಭಾಷೆ, ಉಳಿದವರೊಡನೆ ತುಳು, ನನ್ನಂಥವರೊಡನೆ ಕನ್ನಡ. ನಾನು ಬಂದ ಕಾರಣ ಹೇಳಿದೆ. ಕೆಳಗಿಳಿಯದೆಯೇ ಕೇಳಿದರು:

"ಆ ಮದ್ದಿಗೆ ಸೊಳ್ಳೆ ಸಾಯ್ತದಾ?"

"ಸಾಯ್ತದೆ."

"ಜೇನು?"

ಸುಳ್ಳು ಹೇಳಬಹುದಿತ್ತು. "ಅದೂ ಸಾಯ್ತದೆ ಕಾಕ" ಎಂದೆ.

ಹಗ್ಗದ ಗಂಟನ್ನು ಎರಡು ಸಲ ಎಳೆದು ನೋಡಿದರು. "ಯಾವಾಗಿಂದ ಬರ್ಬೇಕು?" ಎಂದರು.

ಅವರ ಕೆಲಸ ವಿಚಿತ್ರವಾದದ್ದು. ಜೇನು ಕೀಳುವವರು ಆ ಕಡೆ ಬೇಕಾದಷ್ಟು ಜನ ಇದ್ದರು. ಇವರು ಕೀಳುವವರಲ್ಲ, ಕರೆಯುವವರು. ಚಳಿಗಾಲದಲ್ಲಿ ತುಡುವೆ ಜೇನಿನ ಕುಟುಂಬಗಳು ಬೆಳೆದು ಪಾಲಾಗುತ್ತವೆ. ಹಳೆಯ ರಾಣಿ ಅರ್ಧ ಹುಳಗಳನ್ನು ಕಟ್ಟಿಕೊಂಡು ಮನೆ ಬಿಡುತ್ತದೆ. ಹೊಸ ಮನೆ ಸಿಗುವವರೆಗೆ ಕೊಂಬೆಯೊಂದಕ್ಕೆ ಗಡ್ಡದ ಹಾಗೆ ಜೋತುಬೀಳುತ್ತವೆ. ಅಂಥ ಹಿಂಡುಗಳು ತನ್ನ ಮಡಕೆಗೆ ಬರುವ ಹಾಗೆ ಮಾಡಿ, ಆಮೇಲೆ ಕೃಷಿಕರ ಪೆಟ್ಟಿಗೆಗಳಲ್ಲಿ ಕೂರಿಸುವುದು ಇವರ ಕಸುಬು. ಜೇನುಪೆಟ್ಟಿಗೆಗಳು ಆಗಷ್ಟೇ ಆ ಕಡೆ ಬರತೊಡಗಿದ್ದವು.

ದಾರಿಯಲ್ಲಿ ನಡೆಯುತ್ತಾ ನಾನು ಕೇಳುತ್ತಿದ್ದೆ. ಬೆಳ್ಳಾರೆಯಲ್ಲಿ ಕಾಣದಷ್ಟು ಜೇನು ಮಂಡೆಕೋಲಿಗೆ ಯಾಕೆ ಬರುತ್ತದೆ?

"ಬೈನೆ ಹೂ ಉಂಟು, ಅಂಟುವಾಳ ಉಂಟು, ಅದಕ್ಕೆ ಬರ್ತದೆ. ಬೇಸಿಗೆಯಲ್ಲಿ ತೋಡಿನ ನೀರು ಆರುದಿಲ್ಲ, ಅದಕ್ಕೆ ನಿಲ್ತದೆ. ಆದ್ರೆ ಸಂಸಾರ ಹೂಡ್ಬೇಕಾದ್ರೆ ಅಷ್ಟು ಸಾಲ್ದು ಮಾರಾಯ್ರೆ. ಕತ್ತಲೆ ಬೇಕು. ಹುತ್ತವೋ ಪೊಟರೆಯೋ, ಬೆರಳು ಹೋಗುವಷ್ಟೇ ಬಾಗಿಲು. ಮತ್ತೆ ವಾಸನೆ. ಮೊದಲು ಅಲ್ಲಿ ಬೇರೆ ಜೇನು ಇತ್ತು ಅಂತ ಮೇಣದ ವಾಸನೆ ಹೇಳ್ಬೇಕು. ಊರಿಗೆ ಬರುದು ಹೂವಿಗೆ, ಮನೆಗೆ ಬರುದು ವಾಸನೆಗೆ."

ಹಿಂಡು ಬರುವ ಮೊದಲು ನಾಲ್ಕೈದು ಹುಳಗಳು ಬಂದು ಜಾಗ ನೋಡುತ್ತವೆ ಎಂದು ತೋರಿಸಿಕೊಟ್ಟವರು ಅವರು. ಅವುಗಳಿಗೆ ಅವರು ಇಟ್ಟ ಹೆಸರು "ಮನೆ ನೋಡುವವು". ಹೂವಿಗೆ ಬಂದ ಹುಳದಂತೆ ಅವು ಗಡಿಬಿಡಿ ಮಾಡುವುದಿಲ್ಲ. ಬಾಗಿಲಲ್ಲಿ ನಿಂತು, ಒಳಗೆ ಹೋಗಿ, ಗೋಡೆಯುದ್ದಕ್ಕೂ ನಡೆದು, ಹೊರಗೆ ಬಂದು ಮನೆಯ ಕಡೆ ಮುಖ ಮಾಡಿ ಹಾರುತ್ತಾ ಗುರುತು ಇಟ್ಟುಕೊಳ್ಳುತ್ತವೆ. "ನೋಡಿ, ಹೇಗೆ ಅಳೀತದೆ! ನಮ್ಮಲ್ಲಿ ಮದುವೆಗೆ ಮೊದಲು ಇಷ್ಟು ನೋಡುದಿಲ್ಲ" ಎಂದು ನಗುತ್ತಿದ್ದರು.

ಬೆಳ್ಳಾರೆಯ ಹತ್ತಿರದ ಕೃಷಿಕರೊಬ್ಬರು, ಎರಡು ವರ್ಷದಿಂದ ಮೂರು ಮಡಕೆ ಕಟ್ಟಿದರೂ ಒಂದಕ್ಕೂ ಜೇನು ಬರಲಿಲ್ಲ, ಜಾಗಕ್ಕೆ ದೋಷ ಉಂಟೋ ಏನೋ ಎಂದು ಇವರನ್ನು ಕರೆಸಿದ್ದರು. ನಾನೂ ಜೊತೆಗಿದ್ದೆ. ಕಾಕ ಮೂರು ಮಡಕೆಗೂ ಮುಖ ಇಟ್ಟರು. ಮೂರನೆಯದರಿಂದ ಸೀನುತ್ತಾ ಹೊರಬಂದು, "ಅಣ್ಣೇರೇ, ಜಾಗಕ್ಕೆ ದೋಷ ಇಲ್ಲ, ಮಡಕೆಯಲ್ಲಿ ಚಿಮಿಣಿ ಎಣ್ಣೆ ಇಟ್ಟವರು ಯಾರು?" ಎಂದರು. ಮನೆಯೊಡತಿ ಬಾಗಿಲ ಹಿಂದೆ ನಕ್ಕದ್ದು ಹೊರಗೆ ಕೇಳಿಸಿತು. ಹೊಸ ಮಡಕೆಗೆ ಮೇಣ ಸವರಿ ಕಟ್ಟಿ ಬಂದರು. ಮುಂದಿನ ವಾರ ನಾನು ಆ ದಾರಿಯಲ್ಲಿ ಹೋಗುವಾಗ ಮಡಕೆ ಗುಂಯ್ ಎನ್ನುತ್ತಿತ್ತು.

ಮದ್ದು ಹೊಡೆಯುವ ಮೊದಲು ಅವರು ಪ್ರತಿ ಮನೆಯ ಜೇನುಪೆಟ್ಟಿಗೆಗೂ ಒದ್ದೆ ಗೋಣಿ ಮುಚ್ಚಿ, ದೂರಕ್ಕೆ ಸಾಗಿಸಿ ಬರುತ್ತಿದ್ದರು. ಆಮೇಲೆ ನನಗೆ, "ಹೂಂ, ಇನ್ನು ಹೊಡೀರಿ."

ಒಂದು ಮನೆಯಲ್ಲಿ ಎಷ್ಟು ಹೇಳಿದರೂ ಬಾಗಿಲು ತೆಗೆಯಲಿಲ್ಲ. ಗಂಡ ಊರಲ್ಲಿಲ್ಲ, ಎಳೆಯ ಮಗು ಮಲಗಿದೆ, ನಿಮ್ಮ ಮದ್ದು ಬೇಡ ಎಂದು ಆ ತಾಯಿ ಕಿಟಕಿಯಿಂದಲೇ ಹೇಳಿದಳು. ನಾನು ಸರಕಾರ, ಕಾನೂನು ಎಂದು ಏನೇನೋ ಮಾತಾಡಿದೆ. ಕಾಕ ನನ್ನ ತೋಳು ಮುಟ್ಟಿ ಸುಮ್ಮನಿರಿಸಿದರು. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು, ನೆಲ ನೋಡುತ್ತಾ ಹೇಳಿದರು:

"ತಂಗಿ, ನನ್ನ ಮನೆಯಲ್ಲಿ ಮೂರು ಜನ ಇದ್ದೆವು. ಈಗ ನಾನು ಇದ್ದೇನೆ."

ಅಷ್ಟೇ. ಸ್ವಲ್ಪ ಹೊತ್ತಿನ ಮೇಲೆ ಅಗುಳಿ ಸರಿದ ಸದ್ದಾಯಿತು. ಆ ಸಂಗತಿ ನನಗೆ ಗೊತ್ತಾದದ್ದು ಹಾಗೆ, ಇನ್ನೊಬ್ಬರಿಗೆ ಹೇಳಿದ ಮಾತಿನಿಂದ.

ಉಳಿದದ್ದನ್ನು ಅವರ ಮನೆಗೆ ಮದ್ದು ಹೊಡೆಯಲು ಹೋದ ದಿನ ಹೇಳಿದರು. ಕೆಂಪುಕಲ್ಲಿನ ಎರಡು ಕೋಣೆಯ ಸಣ್ಣ ಮನೆ. ಒಳಕೋಣೆಯ ಗೋಡೆಯಲ್ಲಿ ಮರದ ಕದಗಳ ಒಂದು ಕಪಾಟು. ಹಿಂಬದಿಯಿಂದ ಹೊರಗೋಡೆಯ ಕಲ್ಲಿನ ಸಂದು ಅದಕ್ಕೆ ತೆರೆದುಕೊಂಡಿತ್ತು. ಆ ಸಂದಿನಲ್ಲಿ ಜೇನು ಹೋಗಿ ಬರುತ್ತಿತ್ತು. ಕದಕ್ಕೆ ಕಿವಿಯಿಟ್ಟರೆ ಒಳಗೆ ದೂರದಲ್ಲೆಲ್ಲೋ ಜನ ಮಾತಾಡುತ್ತಿದ್ದಂತೆ ಕೇಳುತ್ತಿತ್ತು.

ನಾಲ್ಕು ವರ್ಷದ ಹಿಂದೆ ಅವರು ಹಿಂಡು ಹುಡುಕುತ್ತಾ ಸಂಪಾಜೆ ಘಾಟಿಯ ಕಡೆ ಹೋಗಿದ್ದರು. ನಾಲ್ಕು ದಿನ ಬರಲಿಲ್ಲ. ಇಲ್ಲಿ ಮೊದಲು ಮಗನಿಗೆ ಚಳಿಜ್ವರ ಬಂದು ತಲೆಗೇರಿತು. ಆಮೇಲೆ ಹೆಂಡತಿಗೆ. ಇವರು ಎರಡು ಹಿಂಡು ಹೊತ್ತುಕೊಂಡು ಮನೆ ತಲುಪುವಾಗ ಮಗನ ಮಣ್ಣು ಮುಗಿದಿತ್ತು. ಹೆಂಡತಿಗೆ ಇವರ ಗುರುತು ಸಿಗಲಿಲ್ಲ, ಅವಳೂ ಉಳಿಯಲಿಲ್ಲ. ಅವಳ ಬಟ್ಟೆಬರೆಯೆಲ್ಲ ಕಪಾಟಿನಲ್ಲಿಟ್ಟು ಇವರು ಕದ ಹಾಕಿದರು. ಮತ್ತೆ ತೆಗೆಯಲಿಲ್ಲ. ಮುಂದಿನ ಚಳಿಗಾಲ ಅಲ್ಲಿಗೆ ಜೇನು ಬಂತು.

"ನಾನು ಕರೀಲಿಲ್ಲ ಮಾರಾಯ್ರೆ. ತಾವೇ ಬಂದದ್ದು. ಕಾರಣ ಗೊತ್ತುಂಟು. ನಾನು ತಂದ ಮೇಣವನ್ನೆಲ್ಲ ಅವಳು ಅಲ್ಲೇ ಇಡುದಿತ್ತು, ಬಟ್ಟೆಗೆಲ್ಲ ಅದರ ವಾಸನೆ." ಕದದ ಮೇಲೆ ಅಂಗೈ ಇಟ್ಟು, "ಕಾರಣ ಗೊತ್ತುಂಟು. ಆದ್ರೂ ಬೆಳಿಗ್ಗೆ ಎದ್ದು ಒಮ್ಮೆ ಹೋಗಿ ಕೇಳ್ತೇನೆ" ಎಂದರು.

ಆ ಕಪಾಟಿನಿಂದ ಅವರು ಒಂದು ಹನಿ ಜೇನು ತೆಗೆದವರಲ್ಲ. ಒಳಕೋಣೆ ಒಂದನ್ನು ಬಿಡಿ, ನಾನು ಅಲ್ಲಿ ಮಲಗುವುದಿಲ್ಲ ಎಂದು ಕೇಳಿಕೊಂಡರು. ಬಿಟ್ಟೆ. ಪುಸ್ತಕದಲ್ಲಿ ಎರಡೂ ಕೋಣೆ ಮುಗಿದವೆಂದು ಬರೆದೆ.

ಮಳೆ ಬಿಟ್ಟ ಮೇಲಿನ ಸುತ್ತಿಗೆ ಹೊರಡುವಾಗ ಮೇಲಿನವರಿಂದ ಆಜ್ಞೆ ಬಂತು. ದೊಡ್ಡ ಅಧಿಕಾರಿಗಳು ಖುದ್ದಾಗಿ ಬಂದು ಮನೆಗಳ ಒಳಹೊಕ್ಕು ನೋಡುತ್ತಾರೆ, ಒಂದು ಕೋಣೆಯೂ ಬಿಟ್ಟಿರಕೂಡದು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅದೇ ವಾರ ಕಾಕನಿಗೆ ಸಂಪಾಜೆಯಿಂದ ಕರೆ ಬಂದಿತ್ತು. ಹೊರಡುವ ಮೊದಲು ಬೆಳ್ಳಾರೆಗೆ ಬಂದು ಮನೆಯ ಬೀಗದ ಕೈಯನ್ನು ನನ್ನ ಅಂಗೈಯಲ್ಲಿ ಇಟ್ಟರು. "ಇದು ನಿಮ್ಮಲ್ಲಿ ಇರಲಿ ಮಾರಾಯ್ರೆ. ಹೊರಗಿನ ಕೋಣೆಗೆ ಹೊಡೀರಿ. ಮತ್ತೆ ನಿಮಗೆ ಗೊತ್ತುಂಟಲ್ಲ" ಎಂದರು.

ಗೊತ್ತಿತ್ತು. ಗೊತ್ತಿದ್ದೂ ಒಳಕೋಣೆಗೆ ಹೊಡೆಸಿದೆ. ಆಗ ನನಗೆ ನಾನೇ ಹೇಳಿಕೊಂಡ ಕಾರಣಗಳು ಈಗಲೂ ನೆನಪಿವೆ. ಸೊಳ್ಳೆ ಕೂರುವುದು ಕತ್ತಲೆ ಕೋಣೆಯಲ್ಲೇ. ಆ ಕೋಣೆಯಿಂದ ಊರಿಗೆ ಮತ್ತೆ ಜ್ವರ ಹಬ್ಬಿದರೆ ಯಾರು ಹೊಣೆ? ಕಪಾಟಿಗೆ ಕದ ಇದೆಯಲ್ಲ! ಪಂಪಿನವನಿಗೆ ಕದಕ್ಕೆ ತಾಗದಂತೆ ಸುತ್ತ ಹೊಡೆ ಎಂದೆ. ಅವನು ಕೈ ತಡೆದು, "ಕಾಕ ಬೇಡ ಹೇಳಿದ್ರಲ್ಲ?" ಎಂದ. "ನಾನು ಹೇಳ್ತಾ ಇದ್ದೇನೆ, ಹೊಡೆ" ಎಂದೆ. ಈ ಕಾರಣಗಳೆಲ್ಲದರ ಕೆಳಗೆ ಇದ್ದದ್ದು ಅಧಿಕಾರಿಯ ಭಯ. ಆ ಅಧಿಕಾರಿಯ ಜೀಪು ಬೆಳ್ಳಾರೆಯವರೆಗೆ ಬಂದು, ಊಟ ಮುಗಿಸಿ, ಹಾಗೆಯೇ ಹಿಂದೆ ಹೋಯಿತು.

ಕಾಕ ಮರಳಿದ್ದು ಮೂರನೆಯ ದಿನ ಮಧ್ಯಾಹ್ನ. ಬೀಗದ ಕೈ ಕೊಡಲು ನಾನು ಅವರ ಅಂಗಳದಲ್ಲೇ ಕಾಯುತ್ತಿದ್ದೆ. ಬೇಲಿಯ ದಣಪೆ ದಾಟುವಾಗಲೇ ಅವರ ಹೆಜ್ಜೆ ನಿಂತಿತು. ಬಿಸಿಲು ಚೆನ್ನಾಗಿತ್ತು. ಆ ಹೊತ್ತಿಗೆ ಹೊರಗೋಡೆಯ ಸಂದಿನಲ್ಲಿ ಹುಳಗಳು ಸಾಲುಗಟ್ಟಿ ಹಾರಬೇಕಿತ್ತು.

"ಹಾರ್ತಾ ಇಲ್ಲ" ಎಂದರು.

ಗೋಡೆಯ ಬುಡದಲ್ಲಿ ಹುಳಗಳು ರಾಶಿ ಬಿದ್ದಿದ್ದವು. ಕೆಲವಕ್ಕೆ ಇನ್ನೂ ಜೀವ ಇತ್ತು. ಅಂಗಾತ ಬಿದ್ದು, ಕಾಲು ನಡುಗಿಸುತ್ತಾ ಗಿರ್ರನೆ ತಿರುಗುತ್ತಿದ್ದವು. ಅವರು ಹೆಗಲ ಮೇಲಿನ ಬಟ್ಟೆ ಹಾಸಿ, ಎರಡೂ ಕೈಯಿಂದ ಬಾಚಿ ಅದರಲ್ಲಿ ಹಾಕತೊಡಗಿದರು. ನಾನು ಸಹಾಯಕ್ಕೆ ಬಗ್ಗಿದೆ. ತಲೆಯೆತ್ತದೆ ಕೇಳಿದರು:

"ಕದಕ್ಕೂ ಹೊಡೆದ್ರಾ?"

"ಇಲ್ಲ ಕಾಕ, ಕದಕ್ಕೆ ಹೊಡೀಲಿಲ್ಲ."

"ಕದ ಒಂದನ್ನು ಬಿಟ್ರೆ ಸಾಲ್ದು, ಸಾರ್."

ಸಾರ್. ಅಲ್ಲಿಯವರೆಗೆ ನಾನು ಮಾರಾಯ್ರೆ ಆಗಿದ್ದೆ. ಆಮೇಲೆ ಅವರು ಬದುಕಿದಷ್ಟು ದಿನವೂ ನಾನು ಸಾರ್ ಆಗಿಯೇ ಉಳಿದೆ. ಬೈದಿದ್ದರೆ ಒಳ್ಳೆಯದಿತ್ತು. ಮರುದಿನ ಬೆಳಿಗ್ಗೆ ಎಂದಿನಂತೆ ನಮ್ಮ ತಂಡದೊಡನೆ ಹೊರಟರು, ಬಾಗಿಲು ತೆಗೆಯದ ಮನೆಗಳ ಅಂಗಳದಲ್ಲಿ ಕುಳಿತು ಅದೇ ಮಾತು ಹೇಳಿ ಬಾಗಿಲು ತೆಗೆಸಿದರು. ಊರಲ್ಲಿ ಯಾರೊಡನೆಯೂ ನನ್ನ ವಿಷಯ ಎತ್ತಲಿಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಹುಳಗಳು ಸತ್ತವು, ಅವು ಕಟ್ಟಿದ ಜೇನುಹುಟ್ಟಿನ ಎರಿ ಹಾಗೇ ಇತ್ತು, ಮೇಣ ಹಾಗೇ ಇತ್ತು, ವಾಸನೆ ಹಾಗೇ ಇತ್ತು. ಚಳಿ ಬಿದ್ದು ಜೇನು ಪಾಲಾಗುವ ಕಾಲ ಬಂದಾಗ ಆ ಗೋಡೆಗೆ ಹೊಸ ಹಿಂಡೊಂದು ಬಂತು. ಐದು ದಿನಗಳಲ್ಲಿ ಗೋಡೆಯ ಬುಡಕ್ಕೆ ಬಿತ್ತು. ಕಲ್ಲಿನ ಸಂದುಗಳಿಗೆ ಇಳಿದ ಮದ್ದು ಅಷ್ಟು ಬೇಗ ಸಾಯುವಂಥದ್ದಲ್ಲ. ಅದನ್ನೇ ನಾವು ಮನೆಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದದ್ದು. ಕಾಕ ಸಂದಿಗೆ ಮಣ್ಣು ಮೆತ್ತಿದರು. ಎರಡನೆಯ ಹಿಂಡು ಹೆಂಚಿನ ಅಡಿಯಿಂದ ದಾರಿ ಹುಡುಕಿಕೊಂಡಿತು. ಅದೂ ಸತ್ತಿತು. ಆಗ ನನಗೆ ಬೆಳ್ಳಾರೆಗೆ ಹೇಳಿಕಳುಹಿಸಿದರು.

ನಾನು ಹೋದಾಗ ಅವರು ಗೋಡೆಯ ಎದುರು ಸೊಪ್ಪಿನ ಗೆಲ್ಲು ಹಿಡಿದು ಕುಳಿತಿದ್ದರು. ಮನೆ ನೋಡುವವು ಮತ್ತೆ ಬಂದಿದ್ದವು. ಮೆತ್ತಿದ ಮಣ್ಣಿನ ಮೇಲೆ ನಾಲ್ಕೈದು ಹುಳಗಳು ನಡೆಯುತ್ತಾ, ನಿಲ್ಲುತ್ತಾ, ಸುತ್ತಲೂ ಮೂಸುತ್ತಾ ಇದ್ದವು. ಇವರು ಗೆಲ್ಲು ಬೀಸುವರು, ಅವು ಎದ್ದು ಮತ್ತೆ ಅಲ್ಲೇ ಕೂರುವವು. ಬದುಕೆಲ್ಲ ಜೇನನ್ನು ಮನೆಗೆ ಕರೆದ ಮನುಷ್ಯ ಬೆಳಗಿನಿಂದ ಹಾಗೆ ಕುಳಿತು, "ಹೋಗಿ, ಹೋಗಿ" ಎನ್ನುತ್ತಿದ್ದರು. ಆ ಸ್ವರ ನನ್ನ ಕಿವಿಯಲ್ಲಿ ಈಗಲೂ ಇದೆ.

"ಮಣ್ಣು ಮುಚ್ಚಿದ್ರೆ ವಾಸನೆ ಮುಚ್ಚುದಿಲ್ಲ ಸಾರ್. ಒಳಗಿದ್ದದ್ದನ್ನು ತೆಗೀಬೇಕು. ನನ್ನೊಬ್ಬನಿಂದ ಆಗುದಿಲ್ಲ."

ಐದು ವರ್ಷದ ಮೇಲೆ ಕಪಾಟಿನ ಕದ ತೆರೆದದ್ದು ನಾವಿಬ್ಬರು. ಮೇಣದಿಂದ ಬಿಗಿದುಕೊಂಡಿದ್ದ ಕದವನ್ನು ಕತ್ತಿಯಿಂದ ಮೀಟಬೇಕಾಯಿತು. ಒಳಗೆ ಏಳು ಎರಿಗಳು, ಕಪ್ಪಾಗಿ, ಸಾಲಾಗಿ. ಮೇಲಿನ ಹಲಗೆಯಿಂದ ಇಳಿದು ಕೆಳಗಿನ ಬಟ್ಟೆಯ ಗಂಟನ್ನು ಒಳಹಾಕಿಕೊಂಡಿದ್ದವು. ಅವರ ಹೆಂಡತಿಯ ತಲೆವಸ್ತ್ರದ ಮಡಿಕೆಗಳ ನಡುವೆ ಮೇಣ ಇಳಿದಿತ್ತು. ಗಾಜಿನ ಬಳೆಗಳು ಎರಿಯಲ್ಲಿ ಹುದುಗಿ ಅರ್ಧ ಮಾತ್ರ ಕಾಣುತ್ತಿದ್ದವು. ಬದಿಯ ಮೊಳೆಯಲ್ಲಿ ಒಂದು ಪುಟ್ಟ ಟೊಪ್ಪಿ ತೂಗುತ್ತಿತ್ತು. ಅದರ ಅಂಚಿನಿಂದಲೂ ಅಂಗೈಯಗಲದ ಒಂದು ಎರಿ ಇಳಿದಿತ್ತು, ಅದರ ತುಂಬ ಜೇನು.

ಎರಿಗಳನ್ನು ಒಂದೊಂದಾಗಿ ಕೊಯ್ದು ಬುಟ್ಟಿಗೆ ಹಾಕಿದೆವು. ಅಂಗಳದಲ್ಲಿ ಸುಟ್ಟುಬಿಡೋಣ ಎಂದೆ ನಾನು. "ಸುಟ್ಟರೆ ಆ ವಾಸನೆಗೆ ಊರ ಜೇನೆಲ್ಲ ಇಲ್ಲಿಗೇ ಬರ್ತದೆ. ಹುಗೀಬೇಕು" ಎಂದರು. ಮನೆಯ ಹಿಂದೆ ಸೊಂಟದಾಳದ ಗುಂಡಿ ತೋಡಿದೆವು. ಬಳೆಗಳನ್ನು ಬಿಸಿನೀರಲ್ಲಿ ತೊಳೆದು ಬದಿಗಿಟ್ಟರು. ತಲೆವಸ್ತ್ರ ಬಿಡಿಸಲು ನೋಡಿದರು, ಹರಿಯಿತು. ಟೊಪ್ಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕತ್ತಿಯ ತುದಿಯಿಂದ ಬಹಳ ಹೊತ್ತು ಕೆರೆದರು. ಮೇಣ ನೂಲಿನೊಳಗೆ ಹೋಗಿತ್ತು. ಕೊನೆಗೆ ಟೊಪ್ಪಿಯನ್ನು ಮುಖಕ್ಕೆ ಒತ್ತಿ ಹಿಡಿದು, ಉಸಿರನ್ನು ಉದ್ದಕ್ಕೆ ಎಳೆದುಕೊಂಡರು.

"ಮೇಣದ್ದೇ ವಾಸನೆ. ಬೇರೆ ಎಂತದೂ ಇಲ್ಲ" ಎಂದರು.

ಗುಂಡಿಗೆ ಅವರೇ ಇಳಿದರು. ಬುಟ್ಟಿಯಿಂದ ನಾನು ಕೊಟ್ಟದ್ದನ್ನು ಒಂದೊಂದಾಗಿ ತೆಗೆದುಕೊಂಡು, ಎಸೆಯದೆ, ಕೆಳಗೆ ಇಟ್ಟರು. ತಲೆವಸ್ತ್ರ. ಅದರ ಮೇಲೆ ಟೊಪ್ಪಿ. ಮೇಲೆ ಬಂದು ಮೊದಲ ಮೂರು ಹಿಡಿ ಮಣ್ಣು ಕೈಯಿಂದ ಹಾಕಿದರು.

"ಮಗನಿಗೆ ಮಣ್ಣು ಹಾಕುವಾಗ ನಾನು ಸಂಪಾಜೆಯಲ್ಲಿದ್ದೆ ಸಾರ್. ಮರ ಹತ್ತಿ ಕೂತಿದ್ದೆ" ಎಂದರು.

ಹಾರೆ ನನ್ನ ಕೈಯಲ್ಲಿತ್ತು. ಕ್ಷಮೆ ಕೇಳಬೇಕೆಂದು ತಿಂಗಳುಗಳಿಂದ ಕಟ್ಟಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಆ ಗುಂಡಿಯ ಬಳಿ ಹೇಳುವಂಥದ್ದಾಗಿರಲಿಲ್ಲ. ಮಣ್ಣು ಎಳೆದೆ. ಅವರು ತುಳಿದು ಗಟ್ಟಿ ಮಾಡಿದರು. ಸಂಜೆಯೊಳಗೆ ಕಪಾಟನ್ನು ಉಜ್ಜಿ ತೊಳೆದು, ಸುಣ್ಣ ಬಳಿದು, ಕದ ಹಾಕಿದೆವು.

ಆಮೇಲೂ ಮೂರು ದಿನ ಮನೆ ನೋಡುವವು ಬಂದವಂತೆ. ನಾಲ್ಕನೆಯ ದಿನ ಬರಲಿಲ್ಲ.

ಮರುವರ್ಷ ನನಗೆ ಕಡಬದ ಕಡೆಗೆ ವರ್ಗವಾಯಿತು; ಕೆಲಸವೂ ಖಾಯಂ ಆಯಿತು. ಮಂಡೆಕೋಲಿನಿಂದ ಚಳಿಜ್ವರ ಹೋಯಿತು. ಅದೂ ನಿಜ, ಮರೆಯಬಾರದು. ಅವರು ಬಾಗಿಲು ತೆಗೆಸಿದ ಮನೆಗಳ ಮಕ್ಕಳು ಈಗ ಶಾಲೆ ಮುಗಿಸುತ್ತಿದ್ದಾರೆ. ಆದರೆ ಡಿಸೆಂಬರ್ ಬಂದು ಬಿಸಿಲು ತೆಳುವಾದಾಗ ನನ್ನ ಮನೆಯ ಗೋಡೆಯ ಮೇಲೆ ಒಂದೇ ಒಂದು ಜೇನುಹುಳ ನಡೆಯುತ್ತಾ, ಸಂದುಗಳಲ್ಲಿ ಇಣುಕುತ್ತಾ ಇರುವುದು ಕಂಡರೆ ನನಗೆ ಕೆಲಸ ಸಾಗುವುದಿಲ್ಲ. ಅದು ಹೋಗುವವರೆಗೆ ಎದ್ದು ನಿಂತಿರುತ್ತೇನೆ. ಹೆಂಡತಿ ಎಂತ ನೋಡ್ತೀರಿ ಎಂದು ಕೇಳಿ ಕೇಳಿ ಈಗ ಬಿಟ್ಟಿದ್ದಾಳೆ.

ಅವರನ್ನು ಕೊನೆಯ ಸಲ ಕಂಡದ್ದು ಐದು ವರ್ಷದ ಹಿಂದೆ, ಬೆಳ್ಳಾರೆಯ ಬಸ್ಸು ನಿಲ್ಲುವ ಜಾಗದಲ್ಲಿ. ಮದುವೆಯೊಂದಕ್ಕೆ ಬಂದು ನಾವು ಪುತ್ತೂರಿಗೆ ಮರಳುತ್ತಿದ್ದೆವು. ಎರಡು ವರ್ಷದ ಮಗಳು ನನ್ನ ಹೆಗಲ ಮೇಲೆ ನಿದ್ದೆಹೋಗಿದ್ದಳು. ಕಾಕನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಬಾಗಿತ್ತು. ಆದರೂ ನನ್ನನ್ನು ದೂರದಿಂದಲೇ ಗುರುತಿಸಿ ಬಂದರು.

"ಮಗಳಾ ಸಾರ್?"

"ಹೌದು ಕಾಕ."

"ಇಷ್ಟು ಹೊತ್ತಲ್ಲಿ ಮಲಗಿದ್ದಾಳೆ?"

"ಮದುವೆ ಮನೆಯಲ್ಲಿ ಓಡಿ ಓಡಿ ಸುಸ್ತಾಗಿದೆ."

ಆ ಉತ್ತರ ಅವರಿಗೆ ಸಾಲಲಿಲ್ಲ. ಕೈಯನ್ನು ಲುಂಗಿಗೆ ಒರೆಸಿಕೊಂಡು, ಅಂಗೈಯನ್ನು ಮಗುವಿನ ಹಣೆಯ ಮೇಲಿಟ್ಟರು. ಆಮೇಲೆ ಕತ್ತಿನ ಕೆಳಗೆ. ಮತ್ತೆ ಹಣೆಗೆ. ಕಣ್ಣು ಮುಚ್ಚಿಕೊಂಡಿದ್ದರು. ಬಸ್ಸು ಬಂದು ನಿಂತಿತು, ನನ್ನ ಹೆಂಡತಿ ಹತ್ತಿ ಕುಳಿತಳು.

"ತಣ್ಣಗುಂಟು" ಎಂದರು ಕಾಕ.

ಕಂಡಕ್ಟರು ಎರಡು ಸಲ ಕರೆದ. ಅವರು ಕೈ ತೆಗೆಯಲಿಲ್ಲ, ನಾನೂ ಹೆಗಲು ಕದಲಿಸಲಿಲ್ಲ.